ಆಟ ಉಳಿದಿದೆ, ಆಡಿದ್ದು ಎಲ್ಲಿ?

ವಿಡಿಯೋ ಗೇಮ್ ಮತ್ತು ಟಿವಿಯ ಗೇಮ್ ಶೋಗಳ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ವೆಬ್‌ಸೈಟ್ ನಡೆಸುತ್ತೇನೆ ಅಂದ ಕೂಡಲೇ ಎದುರಿಗಿದ್ದವರು ಕೇಳುವ ಪ್ರಶ್ನೆ ಒಂದೇ. ಎರಡನ್ನೂ ಯಾಕೆ ಒಟ್ಟಿಗೆ ಇಟ್ಟಿದ್ದೀರಿ? ಗೇಮ್ ಆಡುವ ಹುಡುಗರಿಗೆ ಕ್ವಿಜ್ ಅಂದರೆ ಮನೆಯ ಹಿರಿಯರು ಊಟದ ಹೊತ್ತಿಗೆ ನೋಡುವ ಕಾರ್ಯಕ್ರಮ. ಕ್ವಿಜ್ ಹುಚ್ಚಿನವರಿಗೆ ವಿಡಿಯೋ ಗೇಮ್ ಅಂದರೆ ಮಕ್ಕಳ ಕಣ್ಣು ಹಾಳು ಮಾಡುವ ವಸ್ತು. ಇಬ್ಬರೂ ನನ್ನ ಸೈಟಿನ ಅರ್ಧ ಭಾಗ ಓದುತ್ತಾರೆ, ಇನ್ನರ್ಧ ದಾಟಿಕೊಂಡು ಹೋಗುತ್ತಾರೆ. "ಬೇರೆ ಬೇರೆ ಮಾಡಿಬಿಡಿ, ಚೆನ್ನಾಗಿರುತ್ತೆ" ಅಂತ ಪ್ರೀತಿಯಿಂದ ಸಲಹೆ ಕೊಟ್ಟವರೂ ಇದ್ದಾರೆ. ನಾನು ಬೇರೆ ಮಾಡಿಲ್ಲ, ಮಾಡುವುದೂ ಇಲ್ಲ. ಆದರೆ ಯಾಕೆ ಮಾಡಲ್ಲ ಅನ್ನುವುದನ್ನು ಒಂದು ಸಲವೂ ಕೂತು ಬರೆದಿರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಉತ್ತರ ಹುಡುಕುವಾಗ ಮೊದಲು ನೆನಪಿಗೆ ಬಂದದ್ದು ಅಮೆರಿಕದ ಒಂದು ಹಳೆಯ ಪ್ರಸಂಗ. 1984ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ 'ಪ್ರೆಸ್ ಯುವರ್ ಲಕ್' ಅನ್ನುವ ಗೇಮ್ ಶೋ ಬರುತ್ತಿತ್ತು. ದೊಡ್ಡ ಬೋರ್ಡಿನ ಸುತ್ತ 18 ಚೌಕ. ಚೌಕದಿಂದ ಚೌಕಕ್ಕೆ ದೀಪ ಜಿಗಿಯುತ್ತಿರುತ್ತದೆ. ಸ್ಪರ್ಧಿ ಬಟನ್ ಒತ್ತಿದಾಗ ದೀಪ ಎಲ್ಲಿ ನಿಲ್ಲುತ್ತದೋ ಅಲ್ಲಿರುವ ಹಣ ಅವನದು. 'ವ್ಯಾಮಿ' ಅನ್ನುವ ಕೆಂಪು ಬೊಂಬೆ ಇರುವ ಚೌಕದಲ್ಲಿ ನಿಂತರೆ ಅಲ್ಲಿಯವರೆಗೆ ಗೆದ್ದದ್ದೆಲ್ಲ ಹೋಯಿತು. ನೋಡುವವರೆಲ್ಲ ಇದು ಬರೀ ಅದೃಷ್ಟ ಅಂದುಕೊಂಡಿದ್ದರು. ಒಹಾಯೊ ರಾಜ್ಯದ ಮೈಕೆಲ್ ಲಾರ್ಸನ್ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ. ಐಸ್‌ಕ್ರೀಮ್ ಗಾಡಿ ಓಡಿಸುತ್ತಿದ್ದವನು. ಕಾರ್ಯಕ್ರಮವನ್ನು ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿದ. ದೀಪ ಮನಸ್ಸಿಗೆ ಬಂದಂತೆ ಓಡುವುದಿಲ್ಲ, ಐದೇ ಐದು ದಾರಿಗಳಲ್ಲಿ ಸುತ್ತುತ್ತದೆ ಅಂತ ಕಂಡುಕೊಂಡ. ಎರಡು ಚೌಕಗಳಲ್ಲಿ ವ್ಯಾಮಿ ಬರುವುದೇ ಇಲ್ಲ ಅನ್ನುವುದನ್ನೂ ಗುರುತಿಸಿದ. ಐದೂ ದಾರಿಗಳನ್ನು ಬಾಯಿಪಾಠ ಮಾಡಿಕೊಂಡು ಸ್ಟುಡಿಯೋಗೆ ಹೋದ. ಮೊದಲ ಸಲ ಬಟನ್ ಒತ್ತಿದಾಗ ವ್ಯಾಮಿಯೇ ಬಂತು. ಆಮೇಲೆ ಕೈ ಕೂಡಿಬಂತು. ಕೊನೆಗೆ 1,10,237 ಡಾಲರ್ ಮೊತ್ತದ ಹಣ ಮತ್ತು ಬಹುಮಾನ ಗೆದ್ದ. ಆಟ ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದವಾಯಿತು. ಒಂದು ಕಂತಿನಲ್ಲಿ ಹಿಡಿಸದೆ ಜೂನ್ 8 ಮತ್ತು 11ರಂದು ಎರಡು ಕಂತು ಮಾಡಿ ಪ್ರಸಾರ ಮಾಡಿದರು. ಚಾನೆಲ್‌ನವರು ಏನೋ ಮೋಸ ಇದೆ ಅಂತ ಪರಿಶೀಲಿಸಿದರು. ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಹಣ ಕೊಟ್ಟರು, ಬೋರ್ಡಿನ ದಾರಿಗಳನ್ನು ಬದಲಾಯಿಸಿದರು.

ಲಾರ್ಸನ್ ಮಾಡಿದ್ದು ಏನು ಹೇಳಿ? ಟಿವಿ ಕಾರ್ಯಕ್ರಮವನ್ನು ವಿಡಿಯೋ ಗೇಮ್ ಥರ ಆಡಿದ. ಶತ್ರು ಎಲ್ಲಿಂದ ಬರುತ್ತಾನೆ, ಯಾವಾಗ ಬರುತ್ತಾನೆ, ಯಾವ ಮೂಲೆ ಸುರಕ್ಷಿತ ಅಂತ ಮತ್ತೆ ಮತ್ತೆ ಸತ್ತು ಕಲಿಯುವ ಹುಡುಗರು ಮಾಡುವುದೂ ಇದನ್ನೇ ಅಲ್ವಾ? ಅವನು ಸಾಯುವುದನ್ನು ಮನೆಯಲ್ಲೇ ಮುಗಿಸಿಕೊಂಡು ಹೋಗಿದ್ದ. ಈ ಪ್ರಸಂಗವನ್ನು ನಾನು ಕ್ವಿಜ್ ವಿಭಾಗದಲ್ಲಿ ಹಾಕಬೇಕಾ, ಗೇಮ್ ವಿಭಾಗದಲ್ಲಿ ಹಾಕಬೇಕಾ?

ಶ್ರುತಿ ಏರಿಸುವುದು, ಲಯ ಏರಿಸುವುದು

ಇನ್ನೊಂದು ಉದಾಹರಣೆ ನಮಗೆಲ್ಲ ಹತ್ತಿರದ್ದು. 1998ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಶುರುವಾದ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' 2000ದ ಜುಲೈ 3ರಂದು ಅಮಿತಾಭ್ ಬಚ್ಚನ್ ಜತೆ ಹಿಂದಿಗೆ ಬಂತು. 2012ರ ಮಾರ್ಚ್‌ನಲ್ಲಿ ಪುನೀತ್ ರಾಜ್‌ಕುಮಾರ್ ಜತೆ 'ಕನ್ನಡದ ಕೋಟ್ಯಧಿಪತಿ'ಯಾಗಿ ನಮ್ಮ ಮನೆಗೆ ಬಂತು. ಅದರ ಪ್ರಶ್ನೆಗಳ ಬಗ್ಗೆ, ಗೆದ್ದವರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಹಿಡಿಸಿದ್ದು ಅದರ ಮೆಟ್ಟಿಲು. ಹಿಂದಿಯ ಮೊದಲ ಆವೃತ್ತಿಯ ಹಣದ ಪಟ್ಟಿಯನ್ನೇ ನೋಡಿ. ಸಾವಿರ, ಎರಡು ಸಾವಿರ, ಮೂರು, ಐದು, ಹತ್ತು ಸಾವಿರ. ಅಲ್ಲೊಂದು ನಿಲ್ದಾಣ. ಆಮೇಲೆ ಇಪ್ಪತ್ತು, ನಲವತ್ತು, ಎಂಬತ್ತು ಸಾವಿರ, ಒಂದು ಲಕ್ಷ ಅರವತ್ತು ಸಾವಿರ, ಮೂರು ಲಕ್ಷ ಇಪ್ಪತ್ತು ಸಾವಿರ. ಇನ್ನೊಂದು ನಿಲ್ದಾಣ. ನಿಲ್ದಾಣ ದಾಟಿದವರು ಸೋತರೂ ಅಲ್ಲಿಗಿಂತ ಕೆಳಗೆ ಬೀಳುವುದಿಲ್ಲ. ಗೇಮ್ ಆಡುವ ಯಾರನ್ನೇ ಕೇಳಿ, ಇದಕ್ಕೆ ಚೆಕ್‌ಪಾಯಿಂಟ್ ಅನ್ನುತ್ತಾರೆ. ಮೂರು ಲೈಫ್‌ಲೈನ್ ಅಂದರೆ ಮೂರು ಲೈಫ್. ಕೊನೆಯ ಪ್ರಶ್ನೆ ಅಂದರೆ ಬಾಸ್, ಗೇಮ್‌ನ ಕೊನೆಯಲ್ಲಿ ಎದುರಾಗುವ ದೊಡ್ಡ ಶತ್ರು. ಹೆಸರು ಬೇರೆ, ಕಟ್ಟುವ ಕೆಲಸ ಒಂದೇ.

ಇದಕ್ಕಿಂತ ಸೂಕ್ಷ್ಮವಾದದ್ದು ಸಂಗೀತ. ಕೀತ್ ಸ್ಟ್ರಾಚನ್ ಮತ್ತು ಅವರ ಮಗ ಮ್ಯಾಥ್ಯೂ ಸ್ಟ್ರಾಚನ್ ಮಾಡಿದ ಆ ಹಿನ್ನೆಲೆ ಸಂಗೀತ, ಪ್ರಶ್ನೆ ಮುಂದಕ್ಕೆ ಹೋದ ಹಾಗೆ ಅರ್ಧ ಅರ್ಧ ಸ್ವರ ಮೇಲೇರುತ್ತದೆ. ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ಎದೆ ಮಾತ್ರ ಬಿಗಿಯುತ್ತದೆ. ಈಗ 1978ಕ್ಕೆ ಬನ್ನಿ. ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್‌ವೇಡರ್ಸ್' ಮಾಡಿದರು. ಸಾಲುಸಾಲಾಗಿ ಅನ್ಯಗ್ರಹದ ಜೀವಿಗಳು ಕೆಳಗಿಳಿಯುತ್ತವೆ, ಹಿನ್ನೆಲೆಯಲ್ಲಿ ನಾಲ್ಕೇ ಸ್ವರ ತಿರುಗಾಮುರುಗಾ ಬಡಿಯುತ್ತಿರುತ್ತವೆ. ಒಂದೊಂದನ್ನೇ ಹೊಡೆದು ಉರುಳಿಸಿದ ಹಾಗೆ ಆ ಬಡಿತ ಜೋರಾಗುತ್ತದೆ. ಜೀವಿಗಳ ಓಟವೂ ಜೋರಾಗುತ್ತದೆ. ಇದನ್ನು ಮೊದಲೇ ಯೋಚಿಸಿ ಮಾಡಿದ್ದಲ್ಲ. ಆ ಕಾಲದ ಪ್ರೊಸೆಸರ್‌ಗೆ ಅಷ್ಟೂ ಜೀವಿಗಳನ್ನು ಪರದೆಯ ಮೇಲೆ ಮೂಡಿಸುವುದೇ ಕಷ್ಟವಾಗಿತ್ತು. ಸಂಖ್ಯೆ ಕಡಿಮೆಯಾದಂತೆ ಅದಕ್ಕೆ ಹೊರೆ ಕಡಿಮೆಯಾಗಿ ಆಟ ತಾನೇ ಚುರುಕಾಯಿತು. ಅದು ಚೆನ್ನಾಗಿದೆ ಅನ್ನಿಸಿ ನಿಶಿಕಾಡೊ ಹಾಗೇ ಬಿಟ್ಟರು. ಕೋಟ್ಯಧಿಪತಿ ಶ್ರುತಿ ಏರಿಸುತ್ತದೆ, ಸ್ಪೇಸ್ ಇನ್‌ವೇಡರ್ಸ್ ಲಯ ಏರಿಸುತ್ತದೆ. ಇಬ್ಬರಿಗೂ ಬೇಕಾಗಿದ್ದು ಕೂತವನ ಅಂಗೈ ಬೆವರುವುದು. ಈ ಎರಡನ್ನೂ ಒಂದೇ ಪುಟದಲ್ಲಿ ಪಕ್ಕಪಕ್ಕ ಇಟ್ಟು ಬರೆದ ದಿನ ನನಗಾದ ಖುಷಿ ಹೇಳತೀರದು. ಬೇರೆ ಬೇರೆ ಸೈಟ್ ಮಾಡಿದ್ದರೆ ಆ ಪುಟ ಎಲ್ಲಿಗೆ ಸೇರಬೇಕಿತ್ತು?

ಆದರೆ ಇದು ಉತ್ತರದ ಒಂದು ಭಾಗ ಅಷ್ಟೇ. ಇನ್ನೊಂದು ಭಾಗ ಮನೆಯೊಳಗಿದೆ.

ಜಲಪಾತದ ಹಂತ

ತಿಪಟೂರಿನ ದೊಡ್ಡಪ್ಪನ ಮನೆ. ಅಟ್ಟದ ಮೇಲೆ ಕೊಬ್ಬರಿ ಒಣಗುವ ವಾಸನೆ. ಬೇಸಿಗೆ ರಜೆಗೆ ಅಲ್ಲಿ ಸೇರುತ್ತಿದ್ದ ಮಕ್ಕಳೆಲ್ಲ ನಡುಮನೆಯ ನೆಲದ ಮೇಲೆ ಕೂತಿರುತ್ತಿದ್ದೆವು. ಟಿವಿಯ ಹಿಂದೆ ಆಂಟೆನಾ ವೈರ್ ಕಿತ್ತು ಟಿವಿ ಗೇಮ್ ವೈರ್ ಸಿಕ್ಕಿಸಿ, ಚಾನೆಲ್ ತಿರುಗಿಸಿ, ಗುಂಯ್ ಅನ್ನುವ ಸದ್ದಿನ ನಡುವೆ ಚಿತ್ರ ಹಿಡಿಯಬೇಕು. ಗೇಮ್ ಇರುವ ಡಬ್ಬಿಗೆ ಕಾರ್ಟ್ರಿಜ್ ಅನ್ನುತ್ತಾರೆ ಅಂತ ನಮಗೆ ಗೊತ್ತಿರಲಿಲ್ಲ. ಅದು ಕ್ಯಾಸೆಟ್. ಮೇಲೆ '9999 ಇನ್ 1' ಅಂತ ಇರುತ್ತಿತ್ತು, ಒಳಗೆ ಅದೇ ಕೆಲವು ಗೇಮ್‌ಗಳು ಬೇರೆ ಬೇರೆ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಚಿತ್ರ ಬರದಿದ್ದರೆ ಕ್ಯಾಸೆಟ್ ತೆಗೆದು ಊದುವುದು. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದಾಗ ಪಿನ್ ಸರಿಯಾಗಿ ಕೂರುತ್ತಿತ್ತು ಅಂತ ಈಗ ಗೊತ್ತು. ಆದರೂ ಊದುವ ಹಕ್ಕು ಯಾರದ್ದು ಅಂತ ಜಗಳ ಆಗುತ್ತಿತ್ತು.

'ಕಾಂಟ್ರಾ' ಗೇಮ್‌ನ ಮೂರನೇ ಹಂತ ಜಲಪಾತ. ಮೊದಲ ಹಂತದಲ್ಲಿ ಪಕ್ಕಕ್ಕೆ ಓಡುತ್ತಿದ್ದ ಆಟ ಅಲ್ಲಿ ಮೇಲಕ್ಕೆ ಹತ್ತುತ್ತದೆ. ಇಬ್ಬರು ಆಡುವಾಗ ಒಬ್ಬ ಬೇಗ ಹತ್ತಿಬಿಟ್ಟರೆ ಪರದೆ ಅವನ ಜತೆ ಮೇಲೆ ಸರಿಯುತ್ತದೆ. ಕೆಳಗೆ ಉಳಿದವನು ಪರದೆಯ ಅಂಚಿನಿಂದ ಜಾರಿ ಸಾಯುತ್ತಾನೆ. ಶತ್ರು ಹೊಡೆಯಬೇಕಾಗಿಲ್ಲ, ಜತೆಗಾರನ ಆತುರ ಸಾಕು. ದೊಡ್ಡಪ್ಪನ ಮಗ ನನಗಿಂತ ದೊಡ್ಡವನು, ಕೈ ಚುರುಕು. "ನಿಂತ್ಕೋ ಅಣ್ಣ, ನಾನಿನ್ನೂ ಕೆಳಗಿದ್ದೀನಿ!" ಅಂತ ನಾನು ಕೂಗುವಷ್ಟರಲ್ಲಿ ಒಂದು ಲೈಫ್ ಹೋಗಿರುತ್ತಿತ್ತು. "ಬೇಗ ಹತ್ತೋ, ಮೇಲಿಂದ ಬಂಡೆ ಬೀಳ್ತಿದೆ ಕಾಣ್ಸಲ್ವಾ?" ಅಂತ ಅವನು ಬೈಯುತ್ತಿದ್ದ. ಕೆಲವು ದಿನ ಹೀಗೇ ನಡೆದ ಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಆಡದೆ ಕೂತಿದ್ದ ಮಕ್ಕಳಲ್ಲಿ ಒಬ್ಬರು ಟಿವಿಯ ಹತ್ತಿರ ಕೂತು ಕಾವಲು ಕಾಯಬೇಕು. ಕೆಳಗಿನವನು ಮೆಟ್ಟಿಲಿಗೆ ಬಂದ ಕೂಡಲೇ "ಹೂಂ" ಅನ್ನಬೇಕು. "ಹೂಂ" ಕೇಳಿದ ಮೇಲೆಯೇ ಅಣ್ಣ ಮುಂದಿನ ಬಂಡೆಗೆ ಹಾರಬೇಕು. ಇನ್ನೊಬ್ಬರ ಕೆಲಸ ಅಡಾಪ್ಟರ್ ಮುಟ್ಟಿ ನೋಡುವುದು. ಕೈ ಸುಡುವಷ್ಟು ಬಿಸಿಯಾದರೆ ದೊಡ್ಡಮ್ಮ ಬಂದು ಎಲ್ಲವನ್ನೂ ಆಫ್ ಮಾಡಿಬಿಡುತ್ತಿದ್ದರು. ಅವರು ಬರುವ ಮೊದಲೇ ನಾವೇ ಸ್ವಲ್ಪ ಹೊತ್ತು ನಿಲ್ಲಿಸುವುದು ಜಾಣತನ. ಹೀಗೆ ಇಬ್ಬರ ಆಟ ಮನೆಮಂದಿಯ ಆಟವಾಗಿತ್ತು. ಕೈಯಲ್ಲಿ ಗೇಮ್ ಆಡುವ ರಿಮೋಟ್ ಇಲ್ಲದವರಿಗೂ ಒಂದು ಕೆಲಸ, ಒಂದು ಜವಾಬ್ದಾರಿ ಇತ್ತು.

ಈಗ ಕಾಂಟ್ರಾ ಬೇಕು ಅಂದರೆ ಸಿಗುತ್ತದೆ. ಕೊನಾಮಿ ಕಂಪನಿಯೇ ಹಳೆಯ ಗೇಮ್‌ಗಳ ಸಂಗ್ರಹ ಮಾರುತ್ತದೆ. ಎಲ್ಲ ಗೇಮ್‌ಗಳಿಗೂ ಈ ಭಾಗ್ಯ ಇಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ನೋಡಿದಾಗ, ಆ ದೇಶದಲ್ಲಿ ಬಿಡುಗಡೆಯಾದ ಹಳೆಯ ಗೇಮ್‌ಗಳಲ್ಲಿ ಶೇಕಡಾ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ಕಂಡುಬಂತು. ಉಳಿದುಕೊಂಡದ್ದಕ್ಕೆ ಬಹುಮಟ್ಟಿಗೆ ಹವ್ಯಾಸಿಗಳೇ ಕಾರಣ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಶುರು ಮಾಡಿದ 'ಮೇಮ್' ಸಾಫ್ಟ್‌ವೇರ್‌ನಿಂದ ಸಾವಿರಾರು ಆರ್ಕೇಡ್ ಆಟಗಳು, ಅಂದರೆ ನಾಣ್ಯ ಹಾಕಿ ಆಡುತ್ತಿದ್ದ ಯಂತ್ರಗಳ ಆಟಗಳು, ಇವತ್ತಿಗೂ ಓಡುತ್ತವೆ. ಆ ಜನಕ್ಕೆ ನನ್ನ ದೊಡ್ಡ ನಮಸ್ಕಾರ. ಆದರೆ ಕಾಂಟ್ರಾದ ಪ್ರತಿ ಬೈಟ್ ಉಳಿದರೂ ಅದರಲ್ಲಿ ತಿಪಟೂರಿನ ಆ "ಹೂಂ" ಇಲ್ಲ. ಅದು ಕ್ಯಾಸೆಟ್‌ನ ಒಳಗೆ ಇರಲೇ ಇಲ್ಲ. ಯಾರಾದರೂ ಬರೆದಿಟ್ಟರೆ ಮಾತ್ರ ಉಂಟು.

ಬಾತುಕೋಳಿ ಹೊಡೆಯುವ 'ಡಕ್ ಹಂಟ್' ಗನ್ ನೆನಪಿದೆಯಾ? ಅದರದ್ದು ಇನ್ನೂ ವಿಚಿತ್ರ. ಗನ್ನಿನಿಂದ ಏನೂ ಹೊರಗೆ ಬರುತ್ತಿರಲಿಲ್ಲ. ಟಿವಿಯಿಂದ ಬರುವ ಬೆಳಕನ್ನು ಅದು ನೋಡುತ್ತಿತ್ತು. ಟ್ರಿಗರ್ ಒತ್ತಿದ ಕ್ಷಣ ಪರದೆ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಗನ್ನಿನ ಮೂತಿಯೊಳಗಿನ ಸೆನ್ಸರ್‌ಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಮೊದಲು ಕತ್ತಲು ಯಾಕೆ ಅಂದರೆ, ಬಲ್ಬಿನ ಕಡೆ ಗನ್ ಹಿಡಿದು ಮೋಸ ಮಾಡಬಾರದು ಅಂತ. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಹಳೆಯ ದಪ್ಪ ಟಿವಿಯ ಗಾಜಿನ ಮೇಲೆ ಚಿತ್ರ ಮೂಡುವ ವೇಗಕ್ಕೆ ತಕ್ಕಂತೆ ಲೆಕ್ಕ ಹಾಕಿ ಮಾಡಿದ್ದು. ಈಗಿನ ಎಲ್‌ಸಿಡಿ ಟಿವಿಯಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ, ಹಾಗಾಗಿ ಆ ಗನ್ ಕೆಲಸವೇ ಮಾಡುವುದಿಲ್ಲ. ಗೇಮ್ ಇದೆ, ಗನ್ ಇದೆ, ಆಡುವವನೂ ಇದ್ದಾನೆ. ಮನೆಯ ಟಿವಿ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಆಟ ಹೋಯಿತು. ಇದನ್ನು ತಿಳಿದುಕೊಂಡ ಮೇಲೆ ನನ್ನ ಸೈಟಿನಲ್ಲಿ ಗೇಮ್‌ನ ಪಕ್ಕದಲ್ಲಿ ಯಾವ ಟಿವಿ, ಯಾವ ಕೋಣೆ, ಎಷ್ಟು ಜನ, ಯಾರ ಮನೆ ಅನ್ನುವುದನ್ನೂ ಬರೆಯಲು ಶುರು ಮಾಡಿದೆ. ಸ್ಕೋರ್ ಮತ್ತು ಗ್ರಾಫಿಕ್ಸ್ ಬಗ್ಗೆ ಪುಟಗಟ್ಟಲೆ ಬರೆಯುವವರು ಪ್ರಪಂಚದಲ್ಲಿ ಜಾಸ್ತಿ ಜನ ಇದ್ದಾರೆ. ಇದನ್ನು ಬರೆಯುವವರು ಕಡಿಮೆ.

ಅಜ್ಜಿಯ ಹುಣಸೆ ಬೀಜ

ಚಂದನ ವಾಹಿನಿಯ 'ಥಟ್ ಅಂತ ಹೇಳಿ' ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. 2002ರಲ್ಲಿ ಶುರುವಾಗಿ ಡಾ. ನಾ. ಸೋಮೇಶ್ವರ ಅವರು ಸಾವಿರಾರು ಕಂತು ನಡೆಸಿದ ಕಾರ್ಯಕ್ರಮ. ಸರಿ ಉತ್ತರಕ್ಕೆ ದುಡ್ಡಿಲ್ಲ, ಪುಸ್ತಕ. ಉತ್ತರ ಬಂದ ಮೇಲೆ ಅದರ ಹಿಂದಿನ ಕತೆಯನ್ನೂ ಅವರು ಬಿಡಿಸಿ ಹೇಳುತ್ತಿದ್ದರು. ನಾನು ಹೇಳಬೇಕಾಗಿರುವುದು ನಮ್ಮ ಮನೆಯಲ್ಲಿ ಅದನ್ನು ಆಡಿದ ರೀತಿ.

ಅಜ್ಜಿಯ ಹತ್ತಿರ ಒಂದು ಅಳಗುಳಿ ಮಣೆ ಇತ್ತು, ಜತೆಗೆ ಒಂದು ಬಟ್ಟೆ ಚೀಲದ ತುಂಬ ಹುಣಸೆ ಬೀಜ. ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಮಣೆ ಟಿವಿ ಮುಂದೆ ಬರುತ್ತಿತ್ತು. ಮನೆಯ ಒಬ್ಬೊಬ್ಬರಿಗೆ ಒಂದೊಂದು ಗುಳಿ. ಟಿವಿಯಲ್ಲಿ ಸ್ಪರ್ಧಿ ಬಾಯಿ ತೆರೆಯುವ ಮೊದಲು ಉತ್ತರ ಹೇಳಿದರೆ ಒಂದು ಬೀಜ. ತಪ್ಪು ಹೇಳಿದರೆ ಒಂದು ವಾಪಸ್. ಇಬ್ಬರು ಒಟ್ಟಿಗೆ ಹೇಳಿದರೆ ಚಿಕ್ಕವರಿಗೆ. ಅಪ್ಪನಿಗೆ ಭೂಗೋಳ ಮತ್ತು ಕ್ರಿಕೆಟ್, ಅಮ್ಮನಿಗೆ ಹಳೆಯ ಸಿನಿಮಾ ಹಾಡು. ದಾಸರ ಪದ, ಗಾದೆ, ಪುರಾಣ ಬಂದರೆ ಉಳಿದವರು ಸುಮ್ನೆ ಕೂರುವುದೇ ವಾಸಿ. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದ ಅಜ್ಜಿ, ಪದವಿ ಪಡೆದ ಸ್ಪರ್ಧಿಗಳಿಗಿಂತ ಮೊದಲು ಉತ್ತರ ಹೇಳಿ ಗುಳಿ ತುಂಬಿಸಿಕೊಳ್ಳುತ್ತಿದ್ದರು. ತರಕಾರಿ ಹೆಚ್ಚುತ್ತಲೇ, ತಲೆ ಎತ್ತದೆ.

ಒಂದು ಸಲ ಸೀತೆಯ ತಂದೆಯ ವಿಷಯ ಬಂತು. ಜನಕ ಅಂತ ನಾವೆಲ್ಲ ಕೂಗಿದೆವು. ಅಜ್ಜಿ "ರಾವಣ" ಅಂದರು. ಟಿವಿಯೂ ಜನಕ ಅಂದಿತು. ಅಜ್ಜಿ ಬಿಡಲಿಲ್ಲ. ಸೀತೆ ರಾವಣನ ಮೂಗಿನಿಂದ, ಒಂದು ಸೀನಿನಿಂದ ಹುಟ್ಟಿದವಳು, ಆಮೇಲೆ ಜನಕನಿಗೆ ಸಿಕ್ಕಿದ್ದು ಅಂತ ಕತೆಯನ್ನು ಪೂರ್ತಿ ಹೇಳಿದರು. ಅವರ ಅಮ್ಮ ರಾಗಿ ಬೀಸುವಾಗ ಹಾಡಿ ಕಲಿಸಿದ್ದಂತೆ. ಟಿವಿಯಲ್ಲಿ ಮುಂದಿನ ಪ್ರಶ್ನೆಗಳು ಹೋದದ್ದೇ ಗೊತ್ತಾಗಲಿಲ್ಲ. ಅಪ್ಪ ತೀರ್ಪು ಕೊಟ್ಟರು, "ಸಾಕಿದ ತಂದೆ ಜನಕ, ಹುಟ್ಟಿಸಿದ ತಂದೆ ರಾವಣ, ಅಮ್ಮನಿಗೂ ಒಂದು ಬೀಜ." ನಮ್ಮ ಜನಪದ ರಾಮಾಯಣದಲ್ಲಿ ಆ ಕತೆ ನಿಜವಾಗಿಯೂ ಇದೆ, ವಿದ್ವಾಂಸರು ಅದನ್ನು ಸಂಗ್ರಹಿಸಿದ್ದಾರೆ ಅಂತ ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಅಜ್ಜಿಗೆ ಆ ಬೀಜ ಕೊಟ್ಟದ್ದು ಎಷ್ಟು ಸರಿ ಅಂತ ಆವತ್ತು ಅನ್ನಿಸಿತು.

ಜಲಪಾತದ ಹಂತದಲ್ಲಿ "ಹೂಂ" ಅಂದ ಮಗುವೂ ಅಳಗುಳಿ ಮಣೆಯ ಮುಂದೆ ಕೂತ ಅಜ್ಜಿಯೂ ಒಂದೇ ಕೆಲಸ ಮಾಡುತ್ತಿದ್ದರು. ಪರದೆಯಲ್ಲಿ ಬರುವ ಆಟಕ್ಕೆ ತಮ್ಮದೇ ಒಂದು ನಿಯಮ ಸೇರಿಸಿ, ತಮಗೊಂದು ಜಾಗ ಮಾಡಿಕೊಳ್ಳುತ್ತಿದ್ದರು. ಎರಡನ್ನೂ ನಾನು ಒಂದೇ ಕಡೆ ಇಟ್ಟಿರುವುದು ಇದಕ್ಕೇ. ಚಾನೆಲ್‌ನವರ ಹತ್ತಿರ ಕಾರ್ಯಕ್ರಮ ಇರುತ್ತದೆ. ಕಂಪನಿಯವರ ಹತ್ತಿರ ಗೇಮ್‌ನ ಪ್ರೋಗ್ರಾಂ ಇರುತ್ತದೆ. ಮನೆಯಲ್ಲಿ ನಡೆದ ಆಟ ಮನೆಯವರ ಹತ್ತಿರ ಮಾತ್ರ ಇರುತ್ತದೆ.

ಮೇಷ್ಟ್ರ ಪತ್ರ

ಕಾರ್ಯಕ್ರಮ ಇರುತ್ತದೆ ಅಂದೆ. ಅದೂ ಪೂರ್ತಿ ನಿಜವಲ್ಲ. ಅಮೆರಿಕದ 'ಜೆಪರ್ಡಿ' ಕ್ವಿಜ್ 1964ರಲ್ಲಿ ಎನ್‌ಬಿಸಿಯಲ್ಲಿ ಶುರುವಾಗಿ 1975ರವರೆಗೆ ಹಗಲು ಹೊತ್ತು ನಡೆಯಿತು. ಆ ಕಂತುಗಳಲ್ಲಿ ಬಹುಪಾಲು ಇವತ್ತು ಇಲ್ಲ. ಆಗ ವಿಡಿಯೋ ಟೇಪ್ ದುಬಾರಿ, ಒಂದರ ಮೇಲೊಂದು ರೆಕಾರ್ಡ್ ಮಾಡುತ್ತಿದ್ದರು. ಕ್ವಿಜ್ ಕಾರ್ಯಕ್ರಮವನ್ನು ಮತ್ತೆ ಯಾರು ನೋಡುತ್ತಾರೆ, ಉತ್ತರ ಗೊತ್ತಾಯಿತಲ್ಲ ಅನ್ನುವ ಯೋಚನೆ. ಹಾಗಾಗಿ ಎಷ್ಟೋ ಗೇಮ್ ಶೋಗಳು ಅಳಿಸಿಹೋದವು. 1984ರಲ್ಲಿ ಮತ್ತೆ ಶುರುವಾದ ಜೆಪರ್ಡಿಯ ಪ್ರಶ್ನೆಗಳನ್ನು ಅಭಿಮಾನಿಗಳೇ ಕೂತು ಟೈಪ್ ಮಾಡಿ ಸೇರಿಸಿದ 'ಜೆ ಆರ್ಕೈವ್'ನಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ಪ್ರಶ್ನೆಗಳಿವೆ. ಕಾರ್ಯಕ್ರಮಕ್ಕೆ ಹೋಗುವ ಸ್ಪರ್ಧಿಗಳು ಅದನ್ನೇ ಓದಿಕೊಂಡು ಹೋಗುತ್ತಾರೆ. ಸಂಬಳವಿಲ್ಲದೆ ಮಾಡಿದ ಕೆಲಸ ಅದು. ನನ್ನ ಸೈಟಿನ ಕೆಲಸಕ್ಕೆ ಬೇಸರ ಬಂದಾಗಲೆಲ್ಲ ನಾನು ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಓದುತ್ತೇನೆ.

ನಮ್ಮಲ್ಲಿ ಆ ಥರದ ಕೆಲಸ ಎಷ್ಟು ಬೇಕಾಗಿದೆ ಅಂತ ತಿಳಿದದ್ದು ಒಂದು ಪತ್ರದಿಂದ. ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳ ಕೈಲಿ ಟೈಪ್ ಮಾಡಿಸಿ ಕಳಿಸಿದ್ದರು. ಬಹಳ ಹಿಂದೆ ಅವರು ಮತ್ತು ಅವರ ಮನೆಯವರು ಒಂದು ಖಾಸಗಿ ಚಾನೆಲ್‌ನ ದಂಪತಿಗಳ ಗೇಮ್ ಶೋಗೆ ಹೋಗಿದ್ದರು. ಆ ಕಂತು ಎಲ್ಲಾದರೂ ಸಿಗುತ್ತದಾ, ಮೊಮ್ಮಗಳಿಗೆ ತೋರಿಸಬೇಕು ಅಂತ ಕೇಳಿದ್ದರು. ಚಾನೆಲ್‌ಗೆ ಅವರೇ ಫೋನ್ ಮಾಡಿ ಕೇಳಿ ಆಗಿತ್ತು. ಅಷ್ಟು ಹಳೆಯದು ಇಲ್ಲ ಅಂದಿದ್ದರಂತೆ. ನಾನೂ ಗೊತ್ತಿದ್ದ ಕಡೆಯೆಲ್ಲ ಹುಡುಕಿದೆ. ಯೂಟ್ಯೂಬಿನಲ್ಲಿ ಆ ಕಾರ್ಯಕ್ರಮದ ಶೀರ್ಷಿಕೆ ಗೀತೆ ಮಾತ್ರ ಸಿಕ್ಕಿತು. ಕಂತು ಸಿಗಲಿಲ್ಲ ಸಾರ್, ನಿಮಗೆ ನೆನಪಿರುವುದನ್ನು ಬರೆದು ಕಳಿಸಿ, ಅದನ್ನೇ ಇಡೋಣ ಅಂದೆ.

ಮೇಷ್ಟ್ರು ಬರೆದರು. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದದ್ದು. ಒಂದೇ ದಿನ ಹಲವು ಕಂತು ಚಿತ್ರೀಕರಣ, ಇವರ ಸರದಿ ಬರುವಷ್ಟರಲ್ಲಿ ಸಂಜೆಯಾದದ್ದು. ಮೇಕಪ್‌ನವನು ಮುಖಕ್ಕೆ ಪೌಡರ್ ಒತ್ತಿದಾಗ ಸೀನು ಬಂದದ್ದು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಳೆ ಸದ್ದಿನಿಂದ ಹೆಂಡತಿಯನ್ನು ಗುರುತಿಸುವ ಸುತ್ತಿನಲ್ಲಿ ಬೇರೆ ಯಾರದೋ ಕಡೆ ಹೆಜ್ಜೆ ಇಟ್ಟು ಕೊನೇ ಗಳಿಗೆಯಲ್ಲಿ ತಿರುಗಿದ್ದು. ಒಂದು ಅಂಕದಲ್ಲಿ ಸೋತೆವು ಅಂತ ಬರೆದಿದ್ದರು. ಅದನ್ನು ಸೈಟಿನಲ್ಲಿ ಹಾಕಿದ ಮರುದಿನವೇ ಅವರ ಮನೆಯವರು ನನಗೆ ಫೋನ್ ಮಾಡಿದರು. "ಅವರು ಬರ್ದಿರೋದು ಸರಿ ಇಲ್ಲ ಕಣಪ್ಪ. ಆ ಬಲೂನು ಸುತ್ತಲ್ಲಿ ನಾವು ಒಡೆದಿದ್ದು ಜಾಸ್ತಿ. ಎಣಿಸಿದ ಹುಡುಗ ಒಂದು ಬಿಟ್ಟ. ನಾನು ಅಲ್ಲೇ ಹೇಳ್ದೆ, ಇವರೇ ಸುಮ್ನಿರು ಅಂದ್ರು." ಸೀರೆಯ ಬಣ್ಣವೂ ತಪ್ಪಂತೆ. ಮೇಷ್ಟ್ರು ಹಸಿರು ಅಂದಿದ್ದರು, ಅದು ನೇರಳೆ ಬಣ್ಣದ ಮೈಸೂರು ಸಿಲ್ಕ್.

ನಾನು ಎರಡನ್ನೂ ಹಾಕಿದೆ. ಮೇಲೆ ಮೇಷ್ಟ್ರ ಮಾತು, ಕೆಳಗೆ ಅವರ ಮನೆಯವರ ಮಾತು. ಯಾವುದನ್ನೂ ತಿದ್ದಲಿಲ್ಲ. ಕೆಲವು ತಿಂಗಳ ನಂತರ ಮಂಡ್ಯದ ಕಡೆಯ ಒಬ್ಬರು ಬರೆದರು. ಅದೇ ದಿನ ಪ್ರೇಕ್ಷಕರಾಗಿ ಕೂತಿದ್ದವರು. "ಬಲೂನ್ ಲೆಕ್ಕದಲ್ಲಿ ಒಬ್ಬ ಮೇಡಂ ಜಗಳ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ, ನಮಗೂ ಅವರು ಹೇಳಿದ್ದೇ ಸರಿ ಅನ್ನಿಸಿತ್ತು" ಅಂತ. ಅದನ್ನು ಮೇಷ್ಟ್ರ ಮನೆಗೆ ಓದಿ ಹೇಳಿದೆ. ಫೋನಿನ ಆ ಕಡೆ ಅಮ್ಮನವರು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ವಿಡಿಯೋ ಸಿಕ್ಕಿದ್ದರೆ ಇಷ್ಟೆಲ್ಲ ಹೊರಗೆ ಬರುತ್ತಿತ್ತಾ? ಕ್ಯಾಮೆರಾ ಅಂಕಪಟ್ಟಿಯನ್ನು ತೋರಿಸುತ್ತಿತ್ತು, ಅಷ್ಟೇ. ಸೈಟಿನಲ್ಲಿ ಜನ ಬಹಳ ಓದಿದ ಪುಟ ಅದು.

ಸೈಟ್ ನಡೆಸುವ ಕೆಲಸ

ನಡೆಸುವ ಕಷ್ಟಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶುರುವಿನಲ್ಲಿ ಅಕ್ಷರದ್ದೇ ತೊಂದರೆ. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳಲ್ಲಿ ಸಿಡಿ ಹಾಕಿ ಭಾರತೀಯ ಭಾಷೆಗಳ ಸೌಲಭ್ಯ ಸೇರಿಸಿಕೊಳ್ಳದಿದ್ದರೆ ಕನ್ನಡದ ಜಾಗದಲ್ಲಿ ಬರೀ ಡಬ್ಬಿಗಳು ಕಾಣುತ್ತಿದ್ದವು. ಆಮೇಲೆ ಬಂದ ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಒತ್ತಕ್ಷರ ಒಡೆದು ಹೋಗುತ್ತಿತ್ತು. ಈಗ ಆ ತಾಪತ್ರಯ ಇಲ್ಲ. ಡೊಮೇನ್ ಮತ್ತು ಹೋಸ್ಟಿಂಗ್ ಹಣವನ್ನು ವರ್ಷಕ್ಕೊಮ್ಮೆ ಸಂಬಳದಲ್ಲಿ ತೆಗೆದಿಡುತ್ತೇನೆ. ಅದು ನನಗೆ ಭಾರವಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಕನ್ನಡದಲ್ಲಿ 'ಗೇಮ್' ಅನ್ನುವ ಪದ ಇರುವ ಸೈಟ್ ಅಂದ ಕೂಡಲೇ ಬೆಟ್ಟಿಂಗ್ ಮತ್ತು ರಮ್ಮಿ ಆ್ಯಪ್‌ಗಳ ಪರವಾಗಿ ಇಮೇಲ್ ಬರಲು ಶುರುವಾಗುತ್ತದೆ. ಒಂದು ಲಿಂಕ್ ಹಾಕಿ, ಇಷ್ಟು ಕೊಡುತ್ತೇವೆ ಅಂತ. ಕೊಡುವ ಮೊತ್ತ ಕಡಿಮೆ ಏನಲ್ಲ, ಒಂದು ಲಿಂಕಿನಲ್ಲಿ ಹಲವು ವರ್ಷದ ಖರ್ಚು ಕಳೆಯುತ್ತದೆ. ನಾನು ಒಂದನ್ನೂ ಹಾಕಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ಕಾಯ್ದೆ ಬರುವ ಮೊದಲೂ ನನಗೆ ಅದು ಬೇಡವಾಗಿತ್ತು. ಕಾಂಟ್ರಾದಲ್ಲಿ ಸತ್ತರೆ ರಿಮೋಟ್ ಪಕ್ಕದವನಿಗೆ ಹೋಗುತ್ತಿತ್ತು. ಅಜ್ಜಿಯ ಆಟದಲ್ಲಿ ಸೋತರೆ ಬೀಜ ಚೀಲಕ್ಕೆ ವಾಪಸ್ ಹೋಗುತ್ತಿತ್ತು. ಮರುದಿನ ಎಲ್ಲರೂ ಮತ್ತೆ ಸಮನಾಗಿ ಕೂರುತ್ತಿದ್ದರು. ಸೋತವನು ಮನೆಯ ಒಡವೆ ಅಡವಿಡುವ ಆಟವನ್ನು ಇದರ ಪಕ್ಕದಲ್ಲಿ ಇಡಲು ನನಗೆ ಮನಸ್ಸಿಲ್ಲ. ಅಂಥ ಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ.

ಈಗ ನನ್ನ ಕೈಲಿರುವ ಕೆಲಸ ಮನೆಮನೆಯ ವಿಎಚ್ಎಸ್ ವಿಡಿಯೋ ಕ್ಯಾಸೆಟ್‌ಗಳದ್ದು. ಎಷ್ಟೋ ಮನೆಗಳಲ್ಲಿ ಮದುವೆ ಕ್ಯಾಸೆಟ್‌ನ ಕೊನೆಯಲ್ಲಿ ಉಳಿದ ಜಾಗಕ್ಕೆ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಟ್ಟಿರುತ್ತಾರೆ. ಅಲ್ಲಿ ಚಾನೆಲ್‌ನವರ ಹತ್ತಿರವೂ ಇಲ್ಲದ ಕ್ವಿಜ್, ಅಂತ್ಯಾಕ್ಷರಿ, ಮಧ್ಯೆ ಬಂದ ಜಾಹೀರಾತು ಸಮೇತ ಸಿಗುವ ಸಾಧ್ಯತೆ ಇದೆ. ಸಮಯ ಕಡಿಮೆ. ಟೇಪ್ ತಾನಾಗಿಯೇ ಹಾಳಾಗುತ್ತಾ ಹೋಗುತ್ತದೆ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ಮಾಡುವುದನ್ನು ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ತಯಾರಾಗುತ್ತಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ. ತೇವ ಇಲ್ಲದ ಕಡೆ, ಪುಸ್ತಕ ಜೋಡಿಸುವ ಹಾಗೆ ನಿಲ್ಲಿಸಿ ಇಡಿ. ಕಿಟಕಿಯಂಥ ಭಾಗದಲ್ಲಿ ಬಿಳಿ ಬೂಷ್ಟು ಕಂಡರೆ ಹಾಗೇ ವಿಸಿಆರ್‌ಗೆ ಹಾಕಬೇಡಿ, ಟೇಪೂ ಹೋಗುತ್ತದೆ, ಯಂತ್ರವೂ ಕೆಡುತ್ತದೆ. ಗೊತ್ತಿರುವವರ ಕೈಲಿ ಶುಚಿ ಮಾಡಿಸಿ, ಆಮೇಲೆ ಡಿಜಿಟಲ್ ಮಾಡಿಸಿ.

ಕ್ಯಾಸೆಟ್ ಇಲ್ಲದಿದ್ದರೂ ಪರವಾಗಿಲ್ಲ. ನಿಮ್ಮ ಮನೆಯಲ್ಲಿ ಕೋಟ್ಯಧಿಪತಿ ನೋಡುವಾಗ ಯಾರು ಮೊದಲು ಉತ್ತರ ಕೂಗುತ್ತಿದ್ದರು, ಟಿವಿ ಗೇಮ್ ಆಡಲು ಯಾರ ಮನೆಗೆ ಹೋಗುತ್ತಿದ್ದಿರಿ, ಸತ್ತ ಮೇಲೆ ರಿಮೋಟ್ ಯಾರ ಕೈಗೆ ಹೋಗುತ್ತಿತ್ತು, ಬಿಡದೆ ಜಗಳವಾಡಿದ ಅಂಕ ಯಾವುದು, ಇಷ್ಟನ್ನು ಬರೆಯಿರಿ. ಮನೆಯಲ್ಲಿ ಇಬ್ಬರಿಗೆ ಎರಡು ಥರ ನೆನಪಿದ್ದರೆ ಎರಡನ್ನೂ ಕಳಿಸಿ. ಕಾಗುಣಿತ ನಾನು ನೋಡಿಕೊಳ್ಳುತ್ತೇನೆ.